ಅಜ್ಜಿಯ ಆಟ, ಮೊಮ್ಮಗನ ಆಟ

ಕೇಳುಗರೇ, ನಮಸ್ಕಾರ.

ನಮ್ಮ ಕುಂದಾಪುರದ ಕಡೆ 'ಆಟಕ್ಕೆ ಹೋಗ್ತೇನೆ' ಅಂದರೆ ಯಕ್ಷಗಾನಕ್ಕೆ ಅಂತ ಅರ್ಥ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನ್ನ ಮಗನಿಗೆ ಆಟ ಅಂದರೆ ಟಿವಿಗೆ ಸಿಕ್ಕಿಸಿದ ಗೇಮ್ ಕನ್ಸೋಲ್. ಈ ಎರಡು ಆಟಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಲು ನಾನು ಪಟ್ಟ ಪಾಡು ಕೇಳಿ.

ಹೋದ ವರ್ಷ ಊರಲ್ಲಿ ನಮ್ಮ ಮನೆಯವರ ಹರಕೆ ಆಟ ಇತ್ತು. ಅತ್ತೆಗೆ ಮಂಡಿನೋವು, ಹೋಗಲಾಗಲಿಲ್ಲ. ಮೈದುನ ರಾತ್ರಿಯಿಡೀ ಕ್ಯಾಮರಾ ಇಟ್ಟು, ತುಂಡುಗಳನ್ನೆಲ್ಲ ಜೋಡಿಸಿ, ಹಾರ್ಡ್ ಡಿಸ್ಕಿನಲ್ಲಿ ಕಳಿಸಿದ. ಸೆಕೆಂಡಿಗೆ 24 ಮೆಗಾಬಿಟ್ ಗುಣಮಟ್ಟ. ಗಂಟೆಗೆ 10 ಜಿಬಿಗೂ ಜಾಸ್ತಿ. ಎಂಟು ಗಂಟೆಯ ಆಟ 80 ಜಿಬಿ ದಾಟಿತ್ತು.

ಕಂಪ್ಯೂಟರ್ ಇರುವುದು ಒಳಕೋಣೆಯಲ್ಲಿ, ಮಂಚ ಮತ್ತು ಕಪಾಟಿನ ನಡುವೆ. ಅಲ್ಲೇ ಕುರ್ಚಿ ಹಾಕಿಕೊಟ್ಟೆ. 'ಎಂತದ್ದು ಮಾರಾಯ್ತಿ, ವೇಷ ಬೆರಳಿನಷ್ಟು ಕಾಣ್ತದೆ' ಅಂದರು ಅತ್ತೆ. ಹಾಲ್‌ನಲ್ಲಿ ದೊಡ್ಡ ಟಿವಿ ಇದೆ. ಅದಕ್ಕೆ ಕನ್ಸೋಲ್ ಇದೆ. ಪೆನ್‌ಡ್ರೈವಿಗೆ ಹಾಕಿದರಾಯ್ತು ಅಂದುಕೊಂಡೆ. ಆದರೆ ನಮ್ಮದರಂಥ ಹಳೇ ಕನ್ಸೋಲ್ ಓದುವುದು ಎಫ್‌ಎಟಿ32 ಅನ್ನುವ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವನ್ನು; ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ. ನಮ್ಮ ಲೆಕ್ಕಕ್ಕೆ ಸುಮಾರು 24 ನಿಮಿಷ. ಅಷ್ಟರಲ್ಲಿ ಬಾಲಗೋಪಾಲರ ಕುಣಿತವೂ ಮುಗಿಯುವುದಿಲ್ಲ, ಅಲ್ವಾ?

'ಅಮ್ಮ, ಸ್ಟ್ರೀಮ್ ಮಾಡು' ಅಂದ ಮಗ. ನೆಟ್ ಡೇಟಾ ಖಾಲಿಯಾಗುತ್ತದೆ ಅಂತ ನಾನು ಹೆದರಿದೆ. ಹಾಗಲ್ಲವಂತೆ. ಫೈಲ್ ಕಂಪ್ಯೂಟರಿನಲ್ಲೇ ಇರುತ್ತದೆ. ಮನೆಯ ರೌಟರ್ ಮೂಲಕ ಚೂರುಚೂರಾಗಿ ಕನ್ಸೋಲಿಗೆ ಹರಿದು ಬರುತ್ತದೆ. ಹೊರಗಿನ ಇಂಟರ್ನೆಟ್ ಕೇಬಲ್ ಕಿತ್ತಿಟ್ಟರೂ ನಡೆಯುತ್ತದೆ. ಒಂದು ಕಂಪನಿಯ ಟಿವಿಗೆ ಇನ್ನೊಂದು ಕಂಪನಿಯ ಕಂಪ್ಯೂಟರಿನ ಮಾತು ತಿಳಿಯಲಿ ಅಂತ 2003ರಲ್ಲಿ ಸೋನಿ, ಇಂಟೆಲ್ ಮುಂತಾದವು ಸೇರಿ ಸಂಘ ಕಟ್ಟಿದವು. ಅದರ ನಿಯಮಕ್ಕೇ ಡಿಎಲ್‌ಎನ್‌ಎ ಅನ್ನುತ್ತಾರೆ. ನಮ್ಮಲ್ಲಿರುವ ಪ್ಲೇಸ್ಟೇಷನ್ 3 ಕನ್ಸೋಲಿಗೆ ಅದು 2007ರಲ್ಲಿ ಬಂತು. ಸಂಘ 2017ರಲ್ಲಿ ಮುಚ್ಚಿದರೂ ನಿಯಮ ಉಳಿದಿದೆ. ಕಂಪ್ಯೂಟರಿನಲ್ಲಿ ಫೈಲ್ ಬಡಿಸುವ ತಂತ್ರಾಂಶ, ಅಂದರೆ ಸರ್ವರ್, ಒಂದು ಬೇಕು. ಪಿಎಸ್3 ಮೀಡಿಯಾ ಸರ್ವರ್ ಅನ್ನುವ ತಂತ್ರಾಂಶದಿಂದ ಕವಲೊಡೆದ ಯೂನಿವರ್ಸಲ್ ಮೀಡಿಯಾ ಸರ್ವರ್ ಪುಕ್ಕಟೆ ಸಿಗುತ್ತದೆ. ಅದನ್ನೇ ಹಾಕಿದೆ.

ಕನ್ಸೋಲಿಗೆ ಕಂಪ್ಯೂಟರ್ ಕಾಣಲೇ ಇಲ್ಲ. ಅರ್ಧ ದಿನ ಹೋಯ್ತು. ಈ ಯಂತ್ರಗಳು ನೆಟ್‌ವರ್ಕಿನಲ್ಲಿ 'ಯಾರಿದ್ದೀರಿ?' ಅಂತ ಕೂಗಿ ಒಬ್ಬರನ್ನೊಬ್ಬರು ಹುಡುಕುತ್ತವೆ. ನಾನು ವಿಂಡೋಸ್‌ನಲ್ಲಿ ನಮ್ಮ ಮನೆಯ ವೈಫೈಯನ್ನು 'ಪಬ್ಲಿಕ್' ಅಂತ ಒತ್ತಿಬಿಟ್ಟಿದ್ದೆ. ರೈಲ್ವೆ ಸ್ಟೇಷನ್ ವೈಫೈ ಅಂತ ತಿಳಿದು ಕಂಪ್ಯೂಟರಿನ ಕಾವಲುಗಾರ ಫೈರ್‌ವಾಲ್ ಬಾಯಿ ಮುಚ್ಚಿ ಕೂತಿತ್ತು. 'ಪ್ರೈವೇಟ್' ಮಾಡಿದೆ, ಹೆಸರು ಕಾಣಿಸಿತು.

ಮುಂದಿನ ತಕರಾರು ಡಬ್ಬಿಯದು. ಮೈದುನ ಕಳಿಸಿದ್ದು ಎಂಕೆವಿ ಫೈಲ್. ಎಂಕೆವಿ ಅನ್ನುವುದು ಬರೀ ಡಬ್ಬಿ; ಒಳಗಿನ ಅಡುಗೆ, ಅಂದರೆ ಚಿತ್ರ ಮತ್ತು ಧ್ವನಿ, ಬೇರೆ. ನಮ್ಮ ಕನ್ಸೋಲಿಗೆ ಅಡುಗೆ ಹಿಡಿಸುತ್ತದೆ, ಈ ಡಬ್ಬಿ ತೆರೆಯಲು ಬರುವುದಿಲ್ಲ. ಆಗ ಸರ್ವರ್ ಆ ಅಡುಗೆಯನ್ನೇ ಬೇರೆ ಡಬ್ಬಿಗೆ ತುಂಬಿ ಕೊಡುತ್ತದೆ. ಅದು ಸುಲಭದ ಕೆಲಸ. ಅಡುಗೆಯೇ ಹಿಡಿಸದಿದ್ದರೆ ಮಾತ್ರ ಕಷ್ಟ. ಆಡುತ್ತಿರುವಾಗಲೇ ಪೂರ್ತಿ ಹೊಸದಾಗಿ ಬೇಯಿಸಬೇಕು. ಹಳೇ ಕಂಪ್ಯೂಟರಿನ ಫ್ಯಾನ್ ಆಗ ಮಿಕ್ಸರಿನ ಹಾಗೆ ಕೂಗುತ್ತದೆ.

ಅಂತೂ ಚಂಡೆ ಶುರುವಾಯ್ತು. ಹತ್ತು ಸೆಕೆಂಡು ಬಡಿದು ನಿಂತಿತು. ಮತ್ತೆ ಬಡಿಯಿತು, ಮತ್ತೆ ನಿಂತಿತು. 'ಭಾಗವತರಿಗೆ ದಮ್ಮು ಇಲ್ವಾ?' ಅಂದರು ಅತ್ತೆ. ತಪ್ಪು ಭಾಗವತರದಲ್ಲ, ವೈಫೈಯದು. ಹಳೇ ಕನ್ಸೋಲಿನ ವೈಫೈ ಕಾಗದದ ಮೇಲೆ 54 ಮೆಗಾಬಿಟ್. ಕೈಗೆ ಸಿಗುವುದು ಅರ್ಧ ಇದ್ದರೆ ಪುಣ್ಯ. ಅದರಲ್ಲೂ ನಮ್ಮ ಕಟ್ಟಡದಲ್ಲಿ ಮನೆಗೊಂದು ರೌಟರ್. ಎಲ್ಲವೂ ಅದೇ 2.4 ಗಿಗಾಹರ್ಟ್ಸ್ ಅಲೆಯಲ್ಲಿ, ಬೆಳಗಿನ ಎಂಟೂ ಕಾಲರ ಲೋಕಲ್ ರೈಲಿನ ಹಾಗೆ ಒಬ್ಬರ ಮೇಲೊಬ್ಬರು. ನಡುವೆ ಕಬ್ಬಿಣ ಹಾಕಿದ ಗೋಡೆ ಬೇರೆ. 24 ಮೆಗಾಬಿಟ್ ಎಲ್ಲಿಂದ ನುಸುಳಬೇಕು?

ಕೊನೆಗೆ ತಂತಿಯೇ ಗತಿಯಾಯ್ತು. ಹದಿನೈದು ಮೀಟರ್ ಲ್ಯಾನ್ ಕೇಬಲ್ ತಂದು, ಕಂಪ್ಯೂಟರಿನಿಂದ ರೌಟರಿಗೆ, ಅಲ್ಲಿಂದ ಲಾಫ್ಟ್ ಅಂಚಿನಲ್ಲಿ ಕನ್ಸೋಲಿಗೆ ಎಳೆದೆ. ಕೆಳಗೆ ಬಿಟ್ಟರೆ ಕೆಲಸದವಳ ಪೊರಕೆಗೆ ಸಿಗುತ್ತದೆ. 100 ಮೆಗಾಬಿಟ್ ದಾರಿ. ಚಂಡೆ ಮತ್ತೆ ನಿಲ್ಲಲಿಲ್ಲ. ಕಂಪ್ಯೂಟರ್ ತಾನೇ ನಿದ್ದೆ ಹೋಗುವುದನ್ನು ಸೆಟ್ಟಿಂಗ್ಸ್‌ನಲ್ಲಿ ತಪ್ಪಿಸಿ, ಆಯ್ತಾ. ನಮ್ಮಲ್ಲಿ ಅದೊಂದು ಸಲ ರಾಕ್ಷಸ ವೇಷ ಬರುವ ಹೊತ್ತಿಗೇ ಮಲಗಿತ್ತು.

ಅತ್ತೆ ನೋಡುವುದು ವೇಷವನ್ನಷ್ಟೇ ಅಲ್ಲ. ಮುಂದಿನ ಸಾಲಿನ ಕುರ್ಚಿಗಳನ್ನು ಕ್ಯಾಮರಾ ತೋರಿಸಿದಾಗ 'ನಿಲ್ಸು, ನಿಲ್ಸು' ಅನ್ನುತ್ತಿದ್ದರು. ಯಾರು ಬಡವಾಗಿದ್ದಾರೆ, ಯಾರ ಸೊಸೆ ಬಂದಿದ್ದಾಳೆ, ಎಲ್ಲ ಬೇಕು. ಪ್ರತಿ ಸಲ ನನ್ನನ್ನು ಕರೆಯುವುದು ಸಾಕಾಗಿ ಕಂಟ್ರೋಲರಿನ ಬಟನ್ ತಾವೇ ಕಲಿತರು.

ಈಗ ಶನಿವಾರ ರಾತ್ರಿ ಒಂಬತ್ತಾದರೆ ಕಂಟ್ರೋಲರ್ ಅವರ ಮಡಿಲಲ್ಲಿ. ಮಗ ಬಾಗಿಲಲ್ಲಿ ನಿಂತು ಕೇಳುತ್ತಾನೆ: 'ಅಜ್ಜಿ, ನಿಮ್ಮ ಆಟ ಯಾವಾಗ ಮುಗಿಯುತ್ತೆ?'

'ಬೆಳಗಾಗಲಿ ಮಾರಾಯ. ಆಟ ಅಲ್ವಾ?'

ನಮಸ್ಕಾರ.