ಹಸಿರು ನೀರಿನ ಜಿಲೇಬಿ ಮೀನು ತಿನ್ನೋ ಮುಂಚೆ

ಕೆರೆ ಹಸಿರಾದಾಗ ನೀಲಿ-ಹಸಿರು ಪಾಚಿಯ ವಿಷ ಮೀನಿನ ಮೂಲಕ ನಮ್ಮ ತಟ್ಟೆಗೂ ಬರಬಹುದು. ಅಂಥ ವಿಷ ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟ್ತದೆ ಅನ್ನೋಕೆ ಮೊದಲು ಒಂದು ಕಳೆಯ ಕಥೆ. ಚನ್ನಗಿರಿ ಕಡೆ ಕೆರೆ ದಡದ ನೀರಲ್ಲಿ ತೂಗಾಡೋ ಕಳೆ ಹೈಡ್ರಿಲ್ಲಾ. ನಮ್ಮಲ್ಲಿ ಮೊದಲಿಂದ್ಲೂ ಇರೋದೇ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ದಾರೀಲಿ ಫ್ಲಾರಿಡಾ ಸೇರಿ, ಅಲ್ಲಿಂದ ಅಮೆರಿಕದ ಕೆರೆಗಳಿಗೆ ಹಬ್ಬಿತು. ಅಲ್ಲಿ ಅದರ ಎಲೆಗೆ ಅಂಟಿ ಬೆಳೆದ ನೀಲಿ-ಹಸಿರು ಪಾಚಿಯಲ್ಲಿ ನರವಿಷ ಇತ್ತು. ಕಳೆ ತಿಂದ ನೀರುಕೋಳಿ, ಆ ಕೋಳಿ ತಿಂದ ಹದ್ದು, ಎರಡೂ ಸತ್ವು. ಅರ್ಕಾನ್ಸಾದಲ್ಲಿ ಹದ್ದುಗಳ ಸಾವು ಕಣ್ಣಿಗೆ ಬಿದ್ದಿದ್ದು 1994ರಲ್ಲಿ, ವಿಷ ಯಾವುದಂತ ಪತ್ತೆಯಾಗಿದ್ದು 2021ರಲ್ಲಿ!

ಇಲ್ಲಿ ಹೊರಗಿಂದ ಬಂದಿದ್ದು ಜಿಲೇಬಿ ಮೀನು, ಅಂದ್ರೆ ತಿಲಾಪಿಯಾ. ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದ್ರು. ಕಾಟ್ಲಾ, ರೋಹುಗಳಿಗೆ ಜಠರವೇ ಇಲ್ಲ. ನುಂಗಿದ ಪಾಚಿ ಎಷ್ಟೋ ಸಲ ಜೀವಂತವಾಗೇ ಆಚೆ ಬರ್ತದೆ. ಜಿಲೇಬಿಯ ಜಠರದ ಆಮ್ಲ ಪಿಎಚ್ 2ಕ್ಕಿಂತ ಕೆಳಗೆ ಇಳೀತದೆ, ಮೈಕ್ರೋಸಿಸ್ಟಿಸ್ ಅನ್ನೋ ನೀಲಿ-ಹಸಿರು ಪಾಚಿಯ ಕೋಶ ಒಡೀತದೆ. ಒಳಗಿದ್ದ ಮೈಕ್ರೋಸಿಸ್ಟಿನ್ ಅನ್ನೋ ವಿಷ (ಹದ್ದು ಕೊಂದಿದ್ದು ಬೇರೆ ವಿಷ) ಆಗ ಮೀನಿನ ಮೈಗೆ ಸೇರ್ತದೆ. ಕರುಳು, ಲಿವರ್‌ನಲ್ಲಿ ಜಾಸ್ತಿ, ಮಾಂಸದಲ್ಲಿ ಕಡಿಮೆ.

ನಿಮ್ಮ ಕೆರೆ ನೀರಲ್ಲಿರೋದು ಯಾವ ಪಾಚಿ ಅಂತ ಅಂದಾಜು ಮಾಡೋಕೆ ಒಂದು ಗಾಜಿನ ಜಾಡಿ ಸಾಕು. ಕೈಗವಸು ಹಾಕ್ಕೊಂಡು, ಮೇಲಿನ ಕೆನೆ ಬಿಟ್ಟು ಅದರ ಕೆಳಗಿನ ನೀರನ್ನ ಮುಕ್ಕಾಲು ಜಾಡಿ ತುಂಬಿ, ಮುಚ್ಚಳ ಸಡಿಲ ಇಟ್ಟು, ಅಲುಗಾಡಿಸದೆ ಒಂದು ರಾತ್ರಿ ಫ್ರಿಜ್‌ನಲ್ಲಿ ಇಡಬೇಕು. ಹಸಿರು ತಳಕ್ಕೆ ಕೂತ್ರೆ ಸಾಮಾನ್ಯ ಪಾಚಿ ಇರಬಹುದು. ಬಣ್ಣ ಚೆಲ್ಲಿದ ಹಾಗೆ ಮೇಲೇ ತೇಲಿದ್ರೆ ನೀಲಿ-ಹಸಿರು ಪಾಚಿಯ ಅನುಮಾನ. ಇದು ವಿಷದ ಪರೀಕ್ಷೆ ಅಲ್ಲ, ಅದಕ್ಕೆ ಲ್ಯಾಬೇ ಬೇಕು.

ಅಂಥ ನೀರಿನ ಮೀನಾದ್ರೆ ಕರುಳು ಕುಯ್ಯದ ಹಾಗೆ ಹೊಟ್ಟೆ ಸೀಳಿ, ಕರುಳು, ಲಿವರ್ ಎರಡೂ ಬಿಸಾಕಿ, ಮಾಂಸ ಚೆನ್ನಾಗಿ ತೊಳೀರಿ. ಫ್ರೀಜರ್‌ಗೆ ಹಾಕೋ ಮುಂಚೆನೇ ಇದಾಗಬೇಕು, ಹೆಪ್ಪುಗಟ್ಟಿ ಕರಗಿದಾಗ ಪಾಚಿ ಕೋಶ ಒಡೆದು ವಿಷ ಹರಡ್ತದೆ. ಬೆರಳುದ್ದದ ಮರಿಗಳನ್ನ ಇಡಿಯಾಗಿ ಹುರಿದು ತಿನ್ನೋದು ನನ್ನ ಲೆಕ್ಕದಲ್ಲಿ ಬೇಡವೇ ಬೇಡ. ಸಾರು ಎಷ್ಟು ಕುದಿಸಿದ್ರೂ ಈ ವಿಷ ಹೋಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ದಿನದ ಮಿತಿ ಮೈತೂಕದ ಪ್ರತಿ ಕಿಲೋಗೆ 0.04 ಮೈಕ್ರೋಗ್ರಾಂ, 60 ಕಿಲೋ ಆಳಿಗೆ 2.4 ಮೈಕ್ರೋಗ್ರಾಂ. ಗುಲಗಂಜಿ ತೂಕವೂ ಅಲ್ಲ.

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋರ ಮನೇಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇದ್ದೇ ಇರ್ತದೆ, ಅದನ್ನೇ ಹೊಂಡಕ್ಕೂ ಸುರಿಯೋ ಆಸೆ ಆಗ್ತದೆ. ಪಾಚಿಯೇನೋ ಸಾಯ್ತದೆ. ಸಾಯೋವಾಗ ಒಳಗಿನ ವಿಷವೆಲ್ಲ ಒಂದೇ ಸಲ ನೀರಿಗೆ ಬಿಡ್ತದೆ. ನೀರು ತಿಳಿಯಾಯ್ತು ಅಂತ ಮಾರನೇ ದಿನ ದನಕ್ಕೆ ಕುಡಿಸಬೇಡ್ರಿ, ಬಲೆನೂ ಹಾಕಬೇಡ್ರಿ.