ಲೈನು ಎರಡಿದ್ದರೂ ನೆಟ್ ಯಾಕಿಲ್ಲ?

ಎಲ್ಲರಿಗೂ ನಮಸ್ಕಾರ. ಜಲಮಂಡಳಿ ಒಂದು ಕಡೆ, ಮೆಟ್ರೋ ಇನ್ನೊಂದು ಕಡೆ ರಸ್ತೆ ಅಗೆಯುವ ಬೆಂಗಳೂರಿನಲ್ಲಿ ಆಫೀಸಿಗೆ ಎರಡು ಕಂಪನಿಗಳ ಇಂಟರ್ನೆಟ್ ಲೈನು ಹಾಕಿಸೋದು ಈಗ ಮಾಮೂಲಿ. ಎರಡೂ ಕೇಬಲ್ ಒಂದೇ ಕಂಬದಿಂದ ಇಳಿದಿದ್ದರೆ ಮಾತ್ರ ನಾನು ಹೇಳೋದು ಯಾವುದೂ ಉಪಯೋಗಕ್ಕೆ ಬರಲ್ಲ. ಮೊದಲು ಹೊರಗೆ ಹೋಗಿ ಅದನ್ನು ನೋಡಿಕೊಳ್ಳಿ.

ಒಂದು ಲೈನು ಹೋಯ್ತು, ರೂಟರ್ ಎರಡನೆಯದಕ್ಕೆ ಬದಲಾಯ್ತು. ಹೊರಗಿನ ಐಪಿಗೆ ಪಿಂಗ್ (ಉತ್ತರ ಬರುತ್ತಾ ಅಂತ ನೋಡುವ ಸಣ್ಣ ಸಂದೇಶ) ಹೋಗುತ್ತೆ, ಬ್ರೌಸರಿನಲ್ಲಿ ಸೈಟು ಮಾತ್ರ ತೆರೆಯಲ್ಲ. ಇದು ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ತೊಂದರೆ. ಕಂಪ್ಯೂಟರ್‌ಗಳಿಗೆ ಮೊದಲ ಕಂಪನಿಯ ಡಿಎನ್‌ಎಸ್ ವಿಳಾಸ ಹಂಚಿರುತ್ತೀರಿ. ಆ ಸರ್ವರ್‌ಗಳು ಸಾಮಾನ್ಯವಾಗಿ ತಮ್ಮ ಗ್ರಾಹಕರಿಗೆ ಮಾತ್ರ ಉತ್ತರ ಕೊಡುತ್ತವೆ. ಎರಡನೇ ಲೈನಿಂದ ಕೇಳಿದರೆ ನಿರಾಕರಿಸುತ್ತವೆ, ಇಲ್ಲವೇ ಸುಮ್ಮನಿರುತ್ತವೆ. ಸುಮ್ಮನಿದ್ದರೆ ಇನ್ನೂ ಕಷ್ಟ: ಲಿನಕ್ಸ್ ಡೀಫಾಲ್ಟ್ ಆಗಿ 5 ಸೆಕೆಂಡ್ ಕಾದು ಆಮೇಲೆ ಮುಂದಿನ ಸರ್ವರ್ ಕೇಳುತ್ತೆ.

ಹಾಗಾಗಿ ಡಿಎನ್‌ಎಸ್ ಆಫೀಸಿನ ಒಳಗೇ ಇರಲಿ. ಅನ್‌ಬೌಂಡ್ ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್ ಹಾಕಿದ ಎರಡು ಮೆಷಿನ್, ಉದಾಹರಣೆಗೆ 192.168.10.2 ಮತ್ತು 192.168.10.3. ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಅಂತ ಇವೆರಡೇ. "ಇರಲಿ ಬಿಡಿ" ಅಂತ ಮೂರನೆಯದಾಗಿ ನಿಮ್ಮ ಒಳಗಿನ ಹೆಸರು ಗೊತ್ತಿರದ ಗೂಗಲ್‌ನ 8.8.8.8 ಸೇರಿಸಬೇಡಿ, ಎಲ್ಲಾ ಕಂಪ್ಯೂಟರ್‌ಗಳೂ ಕ್ರಮ ಪ್ರಕಾರವೇ ಕೇಳಲ್ಲ, ಒಳಗಿನ ಪ್ರಿಂಟರ್, ಸರ್ವರ್ ಹೆಸರುಗಳು ಆಗಾಗ ಸಿಗದೆ ಹೋಗುತ್ತವೆ. ಅನ್‌ಬೌಂಡ್ ಮುಂದಕ್ಕೆ ಕೇಳೋದು ಯಾವ ಲೈನಿಂದ ಕೇಳಿದರೂ ಉತ್ತರಿಸುವ 1.1.1.1 ಮತ್ತು 9.9.9.9 ಅನ್ನು.

ಇಲ್ಲೊಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಲೈನು ಬದುಕಿದೆಯಾ ಅಂತ ನೋಡೋಕೆ ರೂಟರ್ ಯಾವುದೋ ವಿಳಾಸಕ್ಕೆ ಪಿಂಗ್ ಮಾಡುತ್ತಿರುತ್ತೆ. ಪಿಎಫ್‌ಸೆನ್ಸ್‌ನಂಥ ರೂಟರ್ ಸಾಫ್ಟ್‌ವೇರ್‌ಗಳು ಆ ವಿಳಾಸವನ್ನು ಅದೇ ಲೈನಿಗೆ ಕಟ್ಟಿಹಾಕುತ್ತವೆ. ಅದೇ ವಿಳಾಸವನ್ನು ಡಿಎನ್‌ಎಸ್‌ಗೂ ಕೊಟ್ಟಿದ್ದರೆ, ಲೈನಿನ ಜೊತೆ ಅದೂ ಹೋಯ್ತು. ಪಿಂಗ್‌ಗೆ ಒಂದು ಲೈನಿಗೆ 8.8.8.8, ಇನ್ನೊಂದಕ್ಕೆ 8.8.4.4 ಇಡಿ; ಡಿಎನ್‌ಎಸ್‌ಗೆ ಅವು ಬೇಡ.

ಇನ್ನೊಂದು, ಯಾರೂ ಅಷ್ಟಾಗಿ ಗಮನಿಸದ್ದು. ಲೈನು ಬದಲಾಗುವ ಆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಉತ್ತರ ಬಾರದ ಸರ್ವರ್‌ಗಳನ್ನು ಅನ್‌ಬೌಂಡ್ "ಸತ್ತಿವೆ" ಅಂತ ಬರೆದಿಟ್ಟುಕೊಳ್ಳುತ್ತೆ. ಆ ನೆನಪು ಡೀಫಾಲ್ಟ್ ಆಗಿ 900 ಸೆಕೆಂಡ್. ಲೈನು ಬಂದಮೇಲೂ ನೆಟ್ ಮುಗ್ಗರಿಸೋದು ಇದರಿಂದ. ಲೈನು ಬದಲಾದಾಗ ಓಡುವ ಫೇಲ್‌ಓವರ್ ಸ್ಕ್ರಿಪ್ಟಿನಲ್ಲಿ ಆ ನೆನಪು ಅಳಿಸುವ 'unbound-control flush_infra all' ಸೇರಿಸಿ. ಜೊತೆಗೆ ಅನ್‌ಬೌಂಡ್‌ನಲ್ಲಿ 'ಸರ್ವ್-ಎಕ್ಸ್‌ಪೈರ್ಡ್' (serve-expired) ಆನ್ ಮಾಡಿದರೆ, ಹೊಸ ಉತ್ತರ ಸಿಗುವ ತನಕ ಹಳೆಯದನ್ನೇ ಕೊಟ್ಟು ಕೆಲಸ ಸಾಗಿಸುತ್ತೆ.

ಮೇಲ್ ಸರ್ವರ್ ಆಫೀಸಿನಲ್ಲೇ ಇದ್ದರೆ ಎರಡು ಎಂಎಕ್ಸ್ (ಮೇಲ್ ಎಲ್ಲಿಗೆ ಬರಬೇಕು ಅನ್ನುವ ಡಿಎನ್‌ಎಸ್ ದಾಖಲೆ), ಆದ್ಯತೆ 10 ಮತ್ತು 20. ನಿಮ್ಮ ಹೆಸರಲ್ಲಿ ಯಾವ ಐಪಿ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್‌ನಲ್ಲಿ ಎರಡೂ ಐಪಿ. ಐಪಿಯಿಂದ ಹೆಸರು ಹೇಳುವ ಪಿಟಿಆರ್ ಎರಡೂ ಕಂಪನಿಗಳಿಂದ ಹಾಕಿಸಬೇಕು. ಟಿಟಿಎಲ್ (ಉತ್ತರವನ್ನು ಬೇರೆಯವರು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನೋದು) 300 ಸೆಕೆಂಡ್ ಸಾಕು. ರೂಟರಿಗೆ 100.64ರಿಂದ 100.127ರೊಳಗಿನ ಐಪಿ ಸಿಕ್ಕಿದ್ದರೆ ಅದು ಕಂಪನಿಯ ಒಳಗಿನ ವಿಳಾಸ, ಹೊರಗಿಂದ ಒಳಬರೋ ಆಸೆ ಬಿಡಿ, ಸ್ಟ್ಯಾಟಿಕ್ ಐಪಿ ಕೇಳಿ.

ಪರೀಕ್ಷೆಗೆ ರೂಟರಿನ ನೆಟ್‌ವರ್ಕ್ ಕೇಬಲ್ ಕೀಳಬೇಡಿ. ನಿಜವಾಗಿ ಫೈಬರ್ ತುಂಡಾದಾಗ ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿ ಆನ್ ಆಗೇ ಇರುತ್ತೆ, ರೂಟರಿಗೆ ಲಿಂಕ್ ಇದೆ ಅಂತಲೇ ಕಾಣುತ್ತೆ. ಡಬ್ಬಿಯ ಹಸಿರು ಫೈಬರ್ ಕನೆಕ್ಟರ್ ಬಿಚ್ಚಿ, ತುದಿ ಮುಟ್ಟದೆ ಕ್ಯಾಪ್ ಹಾಕಿ. ಆಮೇಲೆ ಯಾರೂ ತೆರೆದಿರದ ಒಂದು ಸೈಟಿನ ಹೆಸರನ್ನು 'ಡಿಗ್' (ಡಿಎನ್‌ಎಸ್ ಕೇಳಿ ನೋಡುವ ಕಮಾಂಡ್) ಮಾಡಿ, ಉತ್ತರಕ್ಕೆ ಎಷ್ಟು ಹೊತ್ತಾಯ್ತು ನೋಡಿ. ತೆರೆದಿದ್ದ ಸೈಟಾದರೆ ಅನ್‌ಬೌಂಡ್ ಉಳಿಸಿಟ್ಟುಕೊಂಡ ಕ್ಯಾಶೆಯೇ ಉತ್ತರಿಸಿ ನಿಮ್ಮನ್ನು ಯಾಮಾರಿಸುತ್ತೆ.