ಫೈಲಿಗೆ ಹತ್ತದ ಒಪ್ಪಿಗೆ

ಎಲ್ಲರಿಗೂ ನಮಸ್ಕಾರ. ಎಚ್.ಎಂ. ಪಟೇಲ್ ಎಂಬ ಹೆಸರು ಇವತ್ತು ಜಾಸ್ತಿ ಜನಕ್ಕೆ ನೆನಪಿರಲಿಕ್ಕಿಲ್ಲ. 1958ರಲ್ಲಿ ಮಾತ್ರ ಪೇಪರ್ ಓದುವವರ ಬಾಯಲ್ಲೆಲ್ಲ ಇದೇ ಹೆಸರು. ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್‌ನ ಅಧಿಕಾರಿ, ಕೇಂದ್ರದ ಹಣಕಾಸು ಕಾರ್ಯದರ್ಶಿ, ಮುಂಧ್ರಾ ಹಗರಣದಲ್ಲಿ ಸಿಕ್ಕಿಕೊಂಡವರು.

ಹಗರಣಕ್ಕೆ ಮೊದಲು 1947ಕ್ಕೆ ಹೋಗೋಣ. ಜೂನ್ 3ರಂದು ದೇಶ ವಿಭಜನೆಯ ಘೋಷಣೆ ಆಯಿತು. ಆಗಸ್ಟ್ 15ಕ್ಕೆ ಎರಡು ಸರ್ಕಾರ. ಖಜಾನೆ, ಸಾಲ, ರೈಲು, ಸೇನೆಯ ಸಾಮಾನು, ಕಚೇರಿಯ ಮೇಜು ಕುರ್ಚಿಯವರೆಗೆ ಎಲ್ಲ ಪಾಲಾಗಬೇಕು. ಅಣ್ಣತಮ್ಮಂದಿರು ಒಂದು ಮನೆ ಪಾಲು ಮಾಡಿಕೊಳ್ಳಲು ವರ್ಷಗಟ್ಟಲೆ ಕೋರ್ಟು ಅಲೆಯುತ್ತಾರೆ, ಅಲ್ವಾ? ಇಲ್ಲಿ ಇದ್ದದ್ದು ಹತ್ತು ವಾರ ಚಿಲ್ಲರೆ. ಈ ಕೆಲಸದ ಹೊಣೆ ಬಿದ್ದದ್ದು ಇಬ್ಬರು ಅಧಿಕಾರಿಗಳ ಮೇಲೆ. ಭಾರತದ ಕಡೆಯಿಂದ ಪಟೇಲ್, ಪಾಕಿಸ್ತಾನದ ಕಡೆಯಿಂದ ಚೌಧರಿ ಮುಹಮ್ಮದ್ ಅಲಿ. ಸಾಲ ಆಸ್ತಿಯಲ್ಲಿ ಪಾಕಿಸ್ತಾನಕ್ಕೆ ಶೇ. 17.5 ಎಂದು ಕೊನೆಗೆ ತೀರ್ಮಾನವಾಯಿತು. ಪ್ರತಿಯೊಂದಕ್ಕೂ ಮೇಲಿನವರ ಸಹಿಗೆ ಕಾಯುವ ಅಧಿಕಾರಿಯಿಂದ ಇದು ಆಗುವ ಕೆಲಸವೇ ಅಲ್ಲ.

ನನ್ನ ಲೆಕ್ಕದಲ್ಲಿ, ಹತ್ತು ವರ್ಷದ ನಂತರ ಅವರನ್ನು ಮುಳುಗಿಸಿದ್ದೂ ಸಹಿಗೆ ಕಾಯದ ಇದೇ ಅಭ್ಯಾಸ.

1956ರಲ್ಲಿ 245 ಖಾಸಗಿ ವಿಮಾ ಸಂಸ್ಥೆಗಳನ್ನು ಸೇರಿಸಿ ಜೀವ ವಿಮಾ ನಿಗಮ ಕಟ್ಟಿದರು. ಅದರ ದುಡ್ಡು ಸಾಮಾನ್ಯ ಜನರ ಕಂತಿನ ದುಡ್ಡು. ಮರುವರ್ಷದ ಜೂನ್‌ನಲ್ಲಿ ನಿಗಮ ಹರಿದಾಸ್ ಮುಂಧ್ರಾ ಎಂಬ ಕಲ್ಕತ್ತೆಯ ಉದ್ಯಮಿಯ ಆರು ಕಂಪನಿಗಳ ಷೇರು ಕೊಂಡಿತು. ಸುಮಾರು 1.24 ಕೋಟಿ ರೂಪಾಯಿ! ಆ ಮನುಷ್ಯ ಆಗಲೇ ಸಾಲದಲ್ಲಿ ಮುಳುಗಿದ್ದ. ನಿಗಮಕ್ಕೆ ಹೂಡಿಕೆ ಸಮಿತಿ ಅಂತ ಒಂದಿತ್ತು. ಅದನ್ನು ಮೊದಲು ಕೇಳಲೇ ಇಲ್ಲ. ಮಾತುಕತೆಯ ನಡುವೆ ಪಟೇಲ್ ಇದ್ದರು.

ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಇದನ್ನು ಎಳೆದು ಹಾಕಿದರು. ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ ಬೇರೆ. ವಿಚಾರಣೆಗೆ ಬಂದವರು ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. ಬಾಗಿಲು ಹಾಕಿಕೊಂಡು ಕೇಳುವುದಿಲ್ಲ ಎಂದರು. ಜನ ಎಷ್ಟು ಸೇರಿದರೆಂದರೆ ಒಳಗೆ ಜಾಗ ಸಿಗದವರಿಗಾಗಿ ಹೊರಗೆ ಧ್ವನಿವರ್ಧಕ ಹಾಕಿಸಬೇಕಾಯಿತು. ಅಲ್ಲಿ ಕೇಳಿಸಿದ್ದೇನು? ಸಚಿವರ ಒಪ್ಪಿಗೆ ಇತ್ತು ಎಂದರು ಕಾರ್ಯದರ್ಶಿ. ನಾನು ಒಪ್ಪಿಗೆ ಕೊಟ್ಟಿರಲಿಲ್ಲ ಎಂದರು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ. ಯಾರ ಮಾತು ನಿಜ ಅಂತ ಫೈಲು ತೆಗೆದು ತೋರಿಸೋಣ ಅಂದರೆ ಅದರಲ್ಲಿ ಏನೂ ಇಲ್ಲ. ಕಲ್ಕತ್ತೆಯ ಷೇರುಪೇಟೆ ಉಳಿಸಲು ಕೊಂಡೆವು ಎಂಬ ವಿವರಣೆಯನ್ನೂ ಛಾಗ್ಲಾ ನಂಬಲಿಲ್ಲ. ಹಾಗಂತ ಸಚಿವರನ್ನೂ ಬಿಡಲಿಲ್ಲ. ಕಾರ್ಯದರ್ಶಿ ಮಾಡಿದ್ದಕ್ಕೆ ಸಚಿವರೇ ಹೊಣೆ ಎಂದರು. ಫೆಬ್ರವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಪಟೇಲರ ನೌಕರಿಯೂ ಅಲ್ಲಿಗೆ ಮುಗಿಯಿತು. ಅಧಿಕಾರಿಗಳ ನಡತೆಯ ಬಗ್ಗೆ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರ ಮಂಡಳಿ ಬೇರೆಯೇ ವಿಚಾರಣೆ ನಡೆಸಿತು. ಪಟೇಲ್ ಗುಜರಾತಿನ ವಲ್ಲಭ ವಿದ್ಯಾನಗರಕ್ಕೆ ಹೋಗಿ ಕಾಲೇಜುಗಳ ಕೆಲಸಕ್ಕೆ ನಿಂತರು. ಆಮೇಲೆ ರಾಜಾಜಿಯವರ ಸ್ವತಂತ್ರ ಪಕ್ಷ, ಚುನಾವಣೆ. ಇದೆಲ್ಲ ದೊಡ್ಡ ಕಥೆ, ಇವತ್ತು ಬೇಡ.

1977ರಲ್ಲಿ ಜನತಾ ಸರ್ಕಾರ ಬಂತು. ಹಣಕಾಸು ಸಚಿವ ಯಾರು ಗೊತ್ತಾ? ಇದೇ ಪಟೇಲ್. ತಾವು ಕಾರ್ಯದರ್ಶಿಯಾಗಿ ಬಿಟ್ಟುಬಂದ ಇಲಾಖೆಗೇ ಸಚಿವರು. 1978ರ ಜನವರಿಯಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟು ರದ್ದಾದದ್ದು ಅವರ ಕಾಲದಲ್ಲೇ. ಈ ಸಲ ಬಾಯಿಮಾತಿನ ವ್ಯವಹಾರ ಇರಲಿಲ್ಲ, ಸುಗ್ರೀವಾಜ್ಞೆಯೇ ಹೊರಟಿತು.